ಇಬ್ಬರ ಹಾಜರಿ

ಇಸ್ತ್ರಿ ಅಂಗಡಿಯವಳಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಯಾರಾದರೂ ಆಡಿಕೊಂಡರೆ ಅವಳು ಜಗಳಕ್ಕೆ ಹೋಗುತ್ತಿರಲಿಲ್ಲ. ಇದ್ದದ್ದು ಹೌದು. ಆದರೆ ಕಂಡಕಂಡವರನ್ನು ನೋಡಿ ಕರುಬುವ ಸ್ವಭಾವ ಅವಳದಲ್ಲ. ಬೀದಿಯಲ್ಲಿ ಯಾರು ಮಹಡಿ ಕಟ್ಟಲಿ, ಯಾರು ಕಾರು ತರಲಿ, ಅವರ ಬಟ್ಟೆಯ ಸುಕ್ಕು ತೆಗೆದು, ಮಡಚಿ ಕೊಟ್ಟು, ತನ್ನ ಪಾಡಿಗೆ ತಾನಿರುತ್ತಿದ್ದಳು. ಅವಳ ಕಿಚ್ಚೆಲ್ಲ ಒಬ್ಬಳಿಗೇ ಮೀಸಲು, ಒಂದೇ ಸೂರಿನಡಿ ಇದ್ದ ಓರಗಿತ್ತಿಗೆ.

ಈ ಓರಗಿತ್ತಿ ಮನೆಯ ಹಿರಿ ಸೊಸೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಟ್ಟು, ಹೆಸರು ಕೂಗಿ ಜನರನ್ನು ಒಳಗೆ ಕಳಿಸುವುದು ಅವಳ ಕೆಲಸ. ದವಡೆ ಊದಿಸಿಕೊಂಡು ಬಂದವರು ಕೂಡ ಅವಳ ದನಿ ಕೇಳಿ ನಗಲು ನೋಡುತ್ತಿದ್ದರಂತೆ. ಫ್ಯಾನಿನ ಕೆಳಗಿನ ಕೆಲಸವಾದ್ದರಿಂದ ಬೆಳಿಗ್ಗೆ ಬಳಿದುಕೊಂಡ ಪೌಡರು ಸಂಜೆಯವರೆಗೂ ಮುಖದ ಮೇಲೆ ಹಾಗೇ ಇರುತ್ತಿತ್ತು. ಇವಳದೋ, ಕಂಬಳಿ ಮಡಚಿ ಹಾಸಿದ ಮೇಜಿನ ಮುಂದೆ ದಿನವಿಡೀ ನಿಂತ ಕಾಲಿನ ದುಡಿಮೆ. ಒಂದು ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ, ಇನ್ನೊಂದರಲ್ಲಿ ಕಾದ ಪೆಟ್ಟಿಗೆ. ಸಂಜೆಯ ಹೊತ್ತಿಗೆ ಊರಿನವರ ಬಟ್ಟೆಯ ಸುಕ್ಕೆಲ್ಲ ಎದ್ದು ಬಂದು ತನ್ನ ಮುಖದ ಮೇಲೆ ಕೂತಿದೆ ಎನಿಸುತ್ತಿತ್ತು ಅವಳಿಗೆ.

ಇಬ್ಬರಿಗೂ ಒಂದೊಂದು ಹೆಣ್ಣು ಮಗು, ಒಂದೇ ವಯಸ್ಸು. ಹಿರಿಯವಳ ಮಗಳಿಗೆ ನಿದ್ದೆಯಲ್ಲೂ ಮಾತು, ಅದಕ್ಕೇ ಅವಳು ಗಿಳಿ. ಇವಳ ಮಗಳು ಗಿಳಿ ಹೋದಲ್ಲೆಲ್ಲ ಹಿಂದೆಯೇ ಸಾಲು ಹಿಡಿದು ಹೋಗುವವಳು, ಅದಕ್ಕೇ ಅವಳು ಇರುವೆ. ಹೆಸರಿಟ್ಟದ್ದು ಅತ್ತೆ. ಮುದ್ದಿಗೆ ಇಟ್ಟದ್ದೇ. ಆದರೂ ಇವಳ ಕಿವಿಗೆ ಅದು ಪ್ರತಿ ಸಲವೂ ಚುಚ್ಚುತ್ತಿತ್ತು. ಹಾರುವುದಕ್ಕೆ ಅವರ ಮಗಳು, ತೆವಳುವುದಕ್ಕೆ ನನ್ನ ಮಗಳೇ ಎಂದು ಗಂಡನ ಹತ್ತಿರ ಗೊಣಗಿದರೆ, ಇರುವೆ ಸಕ್ಕರೆ ಇದ್ದಲ್ಲಿಗೇ ಹೋಗೋದು ಬಿಡು ಎಂದು ಅವನು ಹೊದಿಕೆ ಎಳೆದುಕೊಳ್ಳುತ್ತಿದ್ದ.

ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಒಂದು ತುದಿ ದೊಡ್ಡ ರಸ್ತೆಗೆ, ಇನ್ನೊಂದು ತುದಿ ಹಿಂದಿನ ಗಲ್ಲಿಗೆ. ರಸ್ತೆ ಕಡೆಯ ಎರಡು ಕೋಣೆ ಹಿರಿಯವಳ ಸಂಸಾರಕ್ಕೆ, ಗಲ್ಲಿ ಕಡೆಯ ಎರಡು ಇವಳಿಗೆ, ನಡುವೆ ಅತ್ತೆ ಮತ್ತು ಅಡುಗೆಮನೆ. ಮದುವೆಯಾಗಿ ಬಂದಾಗಿನಿಂದ ಇವಳು ಹಿರಿಯವಳ ಹಜಾರ ದಾಟಿಯೇ ಹೊರಗೆ ಹೋಗಬೇಕು, ಹಜಾರ ದಾಟಿಯೇ ಒಳಗೆ ಬರಬೇಕು. ಇವಳನ್ನು ನೋಡಲು ತವರಿನವರು ಬಂದರೂ ಬಾಗಿಲು ತೆಗೆಯುವವಳು ಅವಳು, ಕೂರಿಸುವವಳು ಅವಳು, ನಕ್ಕು ಮಾತಾಡಿಸುವವಳೂ ಅವಳೇ. ಇವಳು ಕೈ ಒರೆಸಿಕೊಂಡು ಬರುವಷ್ಟರಲ್ಲಿ ತವರಿನವರ ಮಾತೆಲ್ಲ ಮುಗಿದಿರುತ್ತಿತ್ತು.

ಕೊನೆಗೆ ಹಟ ಹಿಡಿದಳು. ಗಲ್ಲಿ ಕಡೆಯ ಗೋಡೆ ಒಡೆದು ಬಾಗಿಲಿಡಬೇಕು, ಅದಕ್ಕೆ ಬೇರೆ ಬೆಲ್ಲು, ಬೇರೆ ಮನೆ ನಂಬರು ಬೇಕು. ಗಂಡ ಲಿಫ್ಟ್ ರಿಪೇರಿಯವನು. ದಿನವೆಲ್ಲ ಸಿಕ್ಕಿಹಾಕಿಕೊಂಡವರಿಗೆ ಬಾಗಿಲು ತೆಗೆದುಕೊಟ್ಟು ಬರ್ತೀನಿ, ಮನೆಗೆ ಬಂದರೆ ಇಲ್ಲೂ ಬಾಗಿಲಿನ ಪುರಾಣವೇ ಎಂದು ಅವನು ತಲೆ ಚಚ್ಚಿಕೊಂಡ. ಅವಳು ಬಿಡಲಿಲ್ಲ. ಬಾಗಿಲು ಬಂತು, ಬೆಲ್ಲು ಬಂತು, ನೀಲಿ ತಗಡಿನ ಮೇಲೆ ಬಿಳಿ ಅಕ್ಷರದ ನಂಬರೂ ಬಂತು. ಯಾರಾದರೂ ಹಿಂದಿನ ಬಾಗಿಲು ಎಂದರೆ, ಅದು ಹಿಂದಿನ ಬಾಗಿಲಲ್ಲ, ನಮ್ಮ ಮುಂದಿನ ಬಾಗಿಲು ಎಂದು ತಿದ್ದುತ್ತಿದ್ದಳು. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಆ ತಗಡಿನ ಮೇಲೊಮ್ಮೆ ಬಟ್ಟೆ ಆಡಿಸಿಯೇ ಹೋಗುವಳು.

ಆಮೇಲೆ ಸಣ್ಣ ಶಾಲೆ ಮುಚ್ಚಿತು.

ಸಣ್ಣ ಶಾಲೆ ಎಂದರೆ ಗಲ್ಲಿಯ ತಿರುವಿನಲ್ಲಿದ್ದ ಎರಡು ಕೋಣೆ, ಒಬ್ಬಳೇ ಮಿಸ್ಸು. ಗಿಳಿ, ಇರುವೆ ಇಬ್ಬರೂ ಅಲ್ಲೇ ಅಕ್ಷರ ಕಲಿತವರು. ಮಕ್ಕಳು ಕಡಿಮೆ, ಆದ್ದರಿಂದ ದೊಡ್ಡ ಶಾಲೆಗಳಲ್ಲಿ ವಿಲೀನ ಮಾಡುತ್ತೇವೆ ಎಂದು ಗೇಟಿಗೆ ಕಾಗದ ಅಂಟಿಸಿದರು. ವಿಲೀನ ಅಂದ್ರೆ ಯಾರ ಮಗಳು ಎಂದು ಅತ್ತೆ ಕೇಳಿದ್ದಕ್ಕೆ ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಆ ನಗು ಹೆಚ್ಚು ಬಾಳಲಿಲ್ಲ. ಮಕ್ಕಳನ್ನು ಎರಡು ಶಾಲೆಗಳಿಗೆ ಹಂಚಿದರು, ಹಂಚಿದ್ದು ಮನೆ ನಂಬರು ನೋಡಿ. ದೊಡ್ಡ ರಸ್ತೆಯ ನಂಬರಿನವರಿಗೆ ಗಡಿಯಾರದ ಶಾಲೆ. ಅದಕ್ಕೆ ಗೇಟಿನ ಮೇಲೆ ಗಡಿಯಾರ, ಆಡಲು ಬಯಲು, ಪ್ರತಿ ತರಗತಿಗೂ ಬೇರೆ ಕೋಣೆ. ಗಲ್ಲಿಯ ನಂಬರಿನವರಿಗೆ ಲಾರಿಗಳು ಓಡಾಡುವ ರಸ್ತೆಯಾಚೆಯ ಗೋದಾಮಿನ ಶಾಲೆ. ಅಲ್ಲಿ ಮೂರು ಮುಚ್ಚಿದ ಶಾಲೆಗಳ ಮಕ್ಕಳನ್ನು ತಂದು ತುಂಬಿದ್ದರು. ಬೆಂಚು ಸಾಲದೆ ಕೆಲವರು ನೆಲದ ಮೇಲೆ ಕೂರುತ್ತಿದ್ದರು.

ಒಂದೇ ಮನೆ, ಒಂದೇ ಒಲೆ. ಗಿಳಿ ಗಡಿಯಾರಕ್ಕೆ, ಇರುವೆ ಗೋದಾಮಿಗೆ.

ಅವಳು ಶಿಕ್ಷಣ ಕಚೇರಿಗೆ ಓಡಿದಳು. ಅಲ್ಲಿನ ಗುಮಾಸ್ತ ಒಳ್ಳೆಯವನೇ. ಕುರ್ಚಿ ಕೊಟ್ಟು ಕೂರಿಸಿ, ಗಡಿಯಾರದ ಶಾಲೆ ಭರ್ತಿಯಾಗಿದೆ, ಇನ್ನು ಒಂದು ಮಗುವಿಗೂ ಜಾಗವಿಲ್ಲ ಎಂದ. ಆಮೇಲೆ ವಿಳಾಸ ನೋಡಿ, "ಹಳೇ ನಂಬರಲ್ಲೇ ಇದ್ದಿದ್ರೆ ಇಬ್ಬರೂ ಒಂದೇ ಕಡೆ ಹೋಗ್ತಿದ್ರಲ್ಲಮ್ಮ," ಎಂದ. ಆ ಮಾತನ್ನು ಅವಳು ಗಂಡನಿಗೂ ಹೇಳಲಿಲ್ಲ. ಅವತ್ತಿನಿಂದ ತಗಡಿನ ಮೇಲೆ ಧೂಳು ಕೂರತೊಡಗಿತು.

ಗಡಿಯಾರದ ಶಾಲೆಯ ಸಮವಸ್ತ್ರಕ್ಕೆ ನಿರಿಗೆಯ ಲಂಗ. ಗೋದಾಮಿನದಕ್ಕೆ ಸಾದಾ. ಗಿಳಿಯ ಲಂಗವೂ ಇಸ್ತ್ರಿಗೆ ಇವಳ ಮೇಜಿಗೇ ಬರುತ್ತಿತ್ತು, ಮನೆಯ ಬಟ್ಟೆಯಲ್ಲವೇ. ನಿರಿಗೆ ಎಂದರೆ ಸಸಾರವಲ್ಲ. ಒಂದೊಂದನ್ನೂ ಬೆರಳಲ್ಲಿ ಹಿಡಿದು, ಅಂಚಿಗೆ ಅಂಚು ಕೂಡಿಸಿ ಪೆಟ್ಟಿಗೆ ಒತ್ತಬೇಕು. ಒತ್ತುತ್ತಾ ಒತ್ತುತ್ತಾ ಅವಳ ಒಳಗೂ ಏನೋ ಕಾಯುತ್ತಿತ್ತು. ಹಿಂಭಾಗದ ಒಂದು ನಿರಿಗೆಯನ್ನು ಬೇಕೆಂತಲೇ ಸಡಿಲ ಬಿಡುವಳು. ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಗಿಳಿ ಅದನ್ನು ಹಾಕಿಕೊಂಡು ಹೊರಟಾಗ ಆ ಸಡಿಲ ನಿರಿಗೆಯನ್ನು ನೋಡಿ ಇವಳ ಎದೆಯ ಉರಿಗೆ ತಣ್ಣೀರು ಹೊಯ್ದಂತಾಗುತ್ತಿತ್ತು.

ಇತ್ತ ಇರುವೆಗೆ ಮೊದಲೇ ಮಾತು ಕಡಿಮೆ, ಈಗ ಇನ್ನೂ ಕಡಿಮೆಯಾಯಿತು. ನೀರಿನ ಬಾಟಲಿ ಹೋದ ಹಾಗೇ ತುಂಬಿಕೊಂಡು ವಾಪಸ್ ಬರುತ್ತಿತ್ತು. ನೀರು ಕುಡಿದರೆ ಮಿಸ್ಸಿನ ಹತ್ತಿರ ಹೊರಗೆ ಹೋಗಲು ಕೇಳಬೇಕಲ್ಲ, ಅದಕ್ಕೇ ಕುಡಿಯುತ್ತಿರಲಿಲ್ಲ. ಸಂಜೆಯಾದರೆ ಗಿಳಿ ಅಡುಗೆಮನೆಯ ಕಟ್ಟೆ ಹತ್ತಿ ಕೂತು ತನ್ನ ಶಾಲೆಯ ಸುದ್ದಿ ಹೇಳುವುದು, ಇರುವೆ ಬಾಯಿ ಬಿಟ್ಟುಕೊಂಡು ಕೇಳುವುದು. ನಿನ್ನ ಶಾಲೆಯದೂ ಹೇಳೇ ಎಂದು ತಾಯಿ ತಿವಿದರೆ, ಅಲ್ಲಿ ಏನೂ ಆಗಲ್ಲ ಎನ್ನುತ್ತಿತ್ತು ಮಗು.

ಒಂದು ಮಧ್ಯಾಹ್ನ ಗಡಿಯಾರದ ಶಾಲೆಯ ಆಯಾ ಬಟ್ಟೆ ಗಂಟು ತಂದವಳು ಹಾಗೇ ಬಾಗಿಲಿಗೆ ಒರಗಿ ನಿಂತಳು. ನಿಮ್ಮ ಮನೆ ಗಿಳಿಯನ್ನ ತರಗತಿಯಿಂದ ಆಚೆ ನಿಲ್ಲಿಸಿದ್ದರು ಕಣಮ್ಮ, ಒಂದು ದಿನ ಅಲ್ಲ, ಆಗಾಗ, ಹಾಜರಿ ಕೂಗುವಾಗ ಕೀಟಲೆ ಮಾಡ್ತಾಳಂತೆ ಎಂದಳು. ಇವಳಿಗೆ ಹಾಲು ಕುಡಿದಷ್ಟು ಸಂತೋಷ. ಅಯ್ಯೋ ಪಾಪ ಎಂದು ಬಾಯಲ್ಲಿ ಅಂದಳು. ಆಯಾ ಅತ್ತ ಹೋದ ಮೇಲೆ ಗಂಟಿನಲ್ಲಿದ್ದ ಅಂಗಿಗಳನ್ನೆಲ್ಲ ಒಂದೇ ಉಸಿರಿಗೆ ಇಸ್ತ್ರಿ ಮಾಡಿ ಮುಗಿಸಿದಳು. ಕೈಗೆ ಅಷ್ಟು ಹುರುಪು ಬಂದಿತ್ತು. ಅತ್ತೆ ತಲೆ ಮೇಲೆ ಕೂರಿಸಿಕೊಂಡ ಗಿಳಿ, ಊರಿಗೆಲ್ಲ ಜಾಣೆಯಾದ ಗಿಳಿ ಬಾಗಿಲಾಚೆ ನಿಂತಿದ್ದಳಂತೆ. ಓರಗಿತ್ತಿ ಈ ಸುದ್ದಿಯನ್ನು ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಮುಚ್ಚಿಟ್ಟಿದ್ದಾಳೆ. ಮುಚ್ಚಿಡುವಂಥದ್ದು ಅವರ ಮನೆಯಲ್ಲೂ ಇದೆ ಎಂದು ತಿಳಿದ ಖುಷಿಯಲ್ಲಿ ಆ ಸಂಜೆ ಓರಗಿತ್ತಿಗೆ ಕೇಳದೆಯೇ ಕಾಫಿ ಮಾಡಿಕೊಟ್ಟಳು.

ಖುಷಿ ಇಳಿಯುವ ಮೊದಲೇ ಗೋದಾಮಿನ ಶಾಲೆಯಿಂದ ಫೋನು ಬಂತು. ನಿಮ್ಮ ಮಗು ಶುರುವಿನಿಂದ ಬರುತ್ತಲೇ ಇಲ್ಲ, ಯಾಕೆ ಎಂದು ಯಾರೋ ಕೇಳಿದರು. ದಿನವೂ ಗೇಟಿನವರೆಗೆ ತಾನೇ ಕೈ ಹಿಡಿದು ಬಿಟ್ಟು ಬರುತ್ತಾಳೆ. ಹಾಗಾದರೆ ಮಗು ಒಳಗೆ ಹೋಗಿ ಎಲ್ಲಿಗೆ ಹೋಗುತ್ತದೆ? ಲಾರಿಗಳು, ತೆರೆದ ಚರಂಡಿ, ಗುರುತಿಲ್ಲದ ಗಂಡಸರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಕುಣಿದವು. ಮಾರನೇ ಬೆಳಿಗ್ಗೆ ಮಗುವನ್ನು ಗೇಟಿನಲ್ಲಿ ಬಿಟ್ಟಂತೆ ಮಾಡಿ ಕಳ್ಳಿಯ ಹಾಗೆ ಹಿಂದೆ ಹೋದಳು. ಮಗು ಎಲ್ಲಿಗೂ ಹೋಗಲಿಲ್ಲ. ನೆಟ್ಟಗೆ ತರಗತಿಗೆ ಹೋಗಿ ಬೆಂಚಿನ ಮೇಲೆ ಕೂತಿತು.

ಹೆಡ್‌ಮಾಸ್ಟರ ಹತ್ತಿರ ಹೋದಳು. ಅವರು ತಮ್ಮ ಕಷ್ಟ ಹೇಳಿಕೊಂಡರು. ಕೂಗಿದಾಗ ಮಗು ಉತ್ತರ ಕೊಡುವುದಿಲ್ಲ, ಉತ್ತರವಿಲ್ಲದಿದ್ದರೆ ಗೈರು. ಆ ಪುಟ್ಟ ಶಾಲೆಗಳಿಂದ ಬಂದ ಮಕ್ಕಳದೆಲ್ಲ ಹೀಗೇ ಏನಾದರೊಂದು ಇದೆ. ಮಾತೇ ಆಡದ ಮಗುವನ್ನು ಈ ತರಗತಿಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಈ ವಾರ ನೋಡುತ್ತೇವೆ, ಇಲ್ಲದಿದ್ದರೆ ಕೆಳಗಿನ ತರಗತಿಗೆ ಕಳಿಸುತ್ತೇವೆ ಎಂದರು.

ಕೆಳಗಿನ ತರಗತಿ. ಗಿಳಿ ಒಂದು ಮೆಟ್ಟಿಲು ಮೇಲೆ, ಇರುವೆ ಒಂದು ಮೆಟ್ಟಿಲು ಕೆಳಗೆ, ಜೀವಮಾನವಿಡೀ. ಅವಳಿಗೆ ದಾರಿಯುದ್ದಕ್ಕೂ ಅದೊಂದೇ ಕಾಣುತ್ತಿತ್ತು.

ಆ ಸಂಜೆ ಅಂಗಡಿಯಲ್ಲಿ ಮಗಳನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡಳು. ತಾನೇ ಮಿಸ್ಸಾಗಿ, ಶಾಲೆಯಲ್ಲಿ ಬರೆಸಿದ ಮಗಳ ಹೆಸರನ್ನು ಕೂಗಿದಳು. ಬಂದಿದೀನಿ ಮಿಸ್ ಅನ್ನು ಎಂದಳು. ಮಗು ನೆಲ ನೋಡಿತು. ಮತ್ತೆ ಕೂಗಿದಳು, ಮುದ್ದು ಮಾಡಿದಳು, ಗದರಿದಳು, ಕೊನೆಗೆ ರಟ್ಟೆ ಹಿಡಿದು ಅಲ್ಲಾಡಿಸಿದಳು. ಅಷ್ಟು ಹೊತ್ತಿಗೆ ಮಗುವಿನ ಬಾಯಿಂದ ಮಾತು ಬಂತು.

"ಗಿಳಿ ಹೇಳ್ತಾಳೆ."

"ಗಿಳಿ ಎಲ್ಲಿದಾಳೆ ಅಲ್ಲಿ? ನಿನ್ನದನ್ನ ಅವಳು ಯಾಕೆ ಹೇಳ್ಬೇಕು?"

"ಯಾವಾಗಲೂ ಅವಳೇ ಹೇಳೋದು."

ಪೆಟ್ಟಿಗೆಯ ಪ್ಲಗ್ಗು ಕಿತ್ತು, ಅಂಗಡಿಯ ಬಾಗಿಲು ಎಳೆದು, ಮಗುವನ್ನು ಎತ್ತಿಕೊಂಡೇ ಮನೆಗೆ ಬಂದಳು. ಅಡುಗೆಮನೆಯಲ್ಲಿ ಓರಗಿತ್ತಿ ಪಾತ್ರೆ ತೊಳೆಯುತ್ತಿದ್ದಳು, ಗಿಳಿ ಕಟ್ಟೆಯ ಮೇಲಿದ್ದಳು. ನನ್ನ ಮಗಳ ಬಾಯಿಗೆ ಬೀಗ ಹಾಕಿಟ್ಟದ್ದು ನಿನ್ನ ಮಗಳು ಎಂದು ಶುರು ಮಾಡಲು ಬಾಯಿ ತೆರೆದಿದ್ದಳು. ಆದರೆ ಗಿಳಿಯ ಮುಖ ನೋಡಿ, ಶಾಲೆಯಲ್ಲಿ ಹಾಜರಿ ಕೂಗಿದರೆ ನೀನು ಏನಂತ ಹೇಳ್ತಿದ್ದೆ ಎಂದಷ್ಟೇ ಕೇಳಿದಳು.

ಗಿಳಿಗೆ ಕೇಳಿದ್ದೇ ತಡ. ಸಣ್ಣ ಶಾಲೆಯಲ್ಲಿ ಮಿಸ್ ತನ್ನ ಹೆಸರು ಕೂಗಿದ ಕೂಡಲೇ "ಇಬ್ಬರೂ ಬಂದಿದೀವಿ ಮಿಸ್" ಎಂದು ತಾನು ಹೇಳುವುದು, ಪಕ್ಕದಲ್ಲಿ ಇರುವೆ ಕೈ ಎತ್ತುವುದು, ಮಿಸ್ ನೋಡಿ ನಗುವುದು, ಮೊದಲ ದಿನದಿಂದಲೂ ಹಾಗೇ ಎಂದಳು. ಆಮೇಲೆ ದನಿ ಸಣ್ಣದು ಮಾಡಿ, ಹೊಸ ಶಾಲೆಯಲ್ಲಿ ಅದಕ್ಕೇ ಆಚೆ ನಿಲ್ಲಿಸ್ತಾರೆ ಎಂದಳು.

"ಅಲ್ಲೂ ಇಬ್ಬರೂ ಅಂತೀಯಾ?"

"ಹೂಂ. ನಾನೂ ಹೇಳದಿದ್ರೆ ಅವಳು ಎಲ್ಲೂ ಬಂದಿಲ್ಲ ಅಂತ ಆಗತ್ತಲ್ಲ ಚಿಕ್ಕಮ್ಮ."

ಆಯಾ ಸುದ್ದಿ ತಂದ ದಿನ ಖುಷಿಯಲ್ಲಿ ತಾನು ಮಾಡಿಕೊಟ್ಟ ಕಾಫಿ ಚಿಕ್ಕಮ್ಮನಿಗೆ ಈಗ ನೆನಪಾಯಿತು. ಅಷ್ಟರಲ್ಲಿ ಓರಗಿತ್ತಿ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತಾ, ಮಾಮೂಲು ಮಾತಿನ ಹಾಗೆ ಹೇಳಿದಳು.

"ಇವಳನ್ನ ನಿಮ್ಮ ಶಾಲೆಗೇ ಹಾಕ್ತೀನಿ ಬಿಡೇ. ಆ ಕಡೆ ಸೇರಿಸ್ಕೊಳ್ಳೋಕೆ ಯಾರೂ ಬೇಡ ಅನ್ನಲ್ಲ. ಇಬ್ಬರೂ ಒಟ್ಟಿಗಿರಲಿ."

"ಬೇಡ ಅಕ್ಕ."

"ಯಾಕೆ? ನನಗೇನೂ ಬೇಜಾರಿಲ್ಲ."

"ನನಗಿದೆ."

ಇದೊಂದನ್ನು ಇವಳಿಂದ ಸಹಿಸಲಾಗಲಿಲ್ಲ. ತಾನು ಕುಂತಲ್ಲಿ ನಿಂತಲ್ಲಿ ಕನಸು ಕಂಡ ಶಾಲೆ. ಆ ಗಡಿಯಾರ, ಆ ಬಯಲು, ಆ ನಿರಿಗೆಯ ಲಂಗ. ಅದನ್ನು ಈ ಹೆಂಗಸು ಹಳೇ ಬಟ್ಟೆ ಕೊಡುವ ಹಾಗೆ ಕೊಟ್ಟುಬಿಡುತ್ತಾಳಲ್ಲ. ಇಟ್ಟುಕೊಳ್ಳುವುದರಲ್ಲಿ ಅವಳೇ ಮುಂದು ಎಂದು ಉರಿಯುತ್ತಿದ್ದದ್ದು ಸಾಲದೆ, ಕೊಡುವುದರಲ್ಲೂ ಅವಳೇ ಮುಂದು. ತೆಗೆದುಕೊಂಡರೆ ಇರುವೆ ನಾಳೆಯಿಂದ ಮತ್ತೆ ಬರೀ ಕೈ ಎತ್ತುತ್ತಾಳೆ, ಮತ್ತೊಬ್ಬರು ಅವಳ ಪರವಾಗಿ ಬಾಯಿ ತೆರೆಯುತ್ತಾರೆ. ನನ್ನ ಮಗಳ ಹಾಜರಿ ನನ್ನ ಮಗಳೇ ಹೇಳ್ತಾಳೆ ಎಂದು ಹೇಳಿ ತನ್ನ ಕೋಣೆಗೆ ಹೋದಳು. ಹೇಳಿದ್ದೇನೋ ಹೇಳಿದಳು. ಹೇಳುತ್ತಾಳೆ ಎಂಬ ನಂಬಿಕೆ ಅವಳಿಗೇ ಇರಲಿಲ್ಲ.

ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ಮಗುವನ್ನು ಒಳಗೆ ಕಳಿಸಿ, ಶಾಲೆಯ ಹಿಂಬದಿಗೆ ಸುತ್ತಿಹೋಗಿ ತರಗತಿಯ ಕಿಟಕಿಯ ಹತ್ತಿರ ನಿಂತಳು. ಒಳಗೆ ಸಂತೆಯ ಗದ್ದಲ. ಒಂದು ಬೆಂಚಿಗೆ ಮೂವರು ಕೂರುವಲ್ಲಿ ಐವರು. ಮಿಸ್ಸು ಇನ್ನೂ ಚಿಕ್ಕ ವಯಸ್ಸಿನವಳು, ಕೂಗಿ ಕೂಗಿ ದನಿ ಒಡೆದುಹೋಗಿತ್ತು. ತಲೆ ಬಗ್ಗಿಸಿಕೊಂಡು ಹೆಸರು ಓದುತ್ತಾಳೆ, ಎಲ್ಲಿಂದಲೋ ಒಂದು ಕೂಗು ಬರುತ್ತದೆ, ಪೆನ್ನು ಆಡುತ್ತದೆ, ಮುಂದಿನ ಹೆಸರು. ಮುಖ ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು.

ಇರುವೆಯ ಹೆಸರು ಬಂತು.

ಇರುವೆ ಕೈ ಎತ್ತಿದಳು. ಮೊಣಕೈ ನೆಟ್ಟಗೆ, ಬೆರಳು ಚಾಚಿ, ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟು, ಕಾಣಲೇಬೇಕು ಎನ್ನುವ ಹಾಗೆ ಎತ್ತಿದಳು. ಮಿಸ್ಸಿನ ತಲೆ ಏಳಲಿಲ್ಲ. ಪೆನ್ನು ಆಡಿತು. ಮುಂದಿನ ಹೆಸರು ಬಂದ ಮೇಲೂ ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದು ಆಮೇಲೆ ಇಳಿಯಿತು. ಮಗುವಿನ ಮುಖದಲ್ಲಿ ಬೇಸರವೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಅಂದರೆ ದಿನವೂ ಹೀಗೇ ಎತ್ತಿದೆ, ದಿನವೂ ಹೀಗೇ ಇಳಿಸಿದೆ. ನಿನ್ನೆ ತಾನು ಅಲ್ಲಾಡಿಸಿದ್ದು ಅದೇ ರಟ್ಟೆ.

ಕಚೇರಿಯಲ್ಲಾಗಲಿ ಶಾಲೆಯಲ್ಲಾಗಲಿ ಅವಳು ದನಿ ಎತ್ತಿದವಳಲ್ಲ. ಅವತ್ತು ಕಿಟಕಿಯ ಸರಳು ಹಿಡಿದುಕೊಂಡು ಹೇಳಿದಳು.

"ಮೇಡಂ, ಒಂದ್ಸಲ ತಲೆ ಎತ್ತಿ ನೋಡಿ. ನನ್ನ ಮಗಳು ಕೈ ಎತ್ತಿದ್ಲು. ದಿನಾ ಎತ್ತಿರ್ತಾಳೆ."

ಗದ್ದಲ ನಿಂತಿತು. ಮಿಸ್ಸು ತಲೆ ಎತ್ತಿದಳು. ಇಷ್ಟು ಜನರಲ್ಲಿ ಒಬ್ಬೊಬ್ಬರ ಮುಖ ನೋಡ್ತಾ ಕೂತರೆ ಪಾಠ ಯಾವಾಗ ಮಾಡೋದು ಎಂದಳು. ಸಿಟ್ಟಿನಲ್ಲಿ ಅಂದದ್ದಲ್ಲ, ಸುಸ್ತಿನಲ್ಲಿ ಅಂದದ್ದು. ಆಮೇಲೆ ಪುಟದಲ್ಲಿ ಬೆರಳು ಹಿಂದಕ್ಕೆ ಸರಿಸಿ ಇರುವೆಯ ಹೆಸರನ್ನು ಇನ್ನೊಮ್ಮೆ ಕೂಗಿ, ಬಾಯಲ್ಲಿ ಹೇಳು ಪುಟ್ಟ ಎಂದಳು.

ಇರುವೆ ಎದ್ದು ನಿಂತಳು. ಕಿಟಕಿಯಲ್ಲಿದ್ದ ತಾಯಿಯ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತ್ತು. ಹಲ್ಲು ಕಚ್ಚಿ ತಡೆದುಕೊಂಡಳು. ಮಗು ತನ್ನ ಬಲಕ್ಕೆ ನೋಡಿತು. ಅದು ಯಾವಾಗಲೂ ಗಿಳಿ ಕೂರುತ್ತಿದ್ದ ಕಡೆ. ಅಲ್ಲೊಬ್ಬಳು ಎರಡು ಜಡೆಯ ಹುಡುಗಿ ಇದ್ದಳು.

"ಇಬ್ಬರೂ ಬಂದಿದೀವಿ ಮಿಸ್."

ತರಗತಿ ಗೊಳ್ಳೆಂದಿತು. ಮಿಸ್ಸಿಗೂ ತುಟಿಯಂಚಿನಲ್ಲಿ ನಗು. "ಇಬ್ಬರು ಅಂದ್ರೆ ಯಾರಮ್ಮ?" ಎಂದು ಕೇಳಿದಳು. ಇರುವೆಗೆ ದಿಕ್ಕು ತೋಚಲಿಲ್ಲ. ಆಗ ಎರಡು ಜಡೆಯವಳು ಪುಸ್ತಕ ಬೀಳಿಸಿಕೊಂಡೇ ಎದ್ದು, "ನಾನೂ ಇವಳೂ ಮಿಸ್," ಎಂದಳು. ಅವಳೂ ಯಾವುದೋ ಮುಚ್ಚಿದ ಶಾಲೆಯಿಂದ ಬಂದವಳಂತೆ. ಮಿಸ್ಸು ಪೆನ್ನು ಎರಡು ಸಲ ಆಡಿಸಿ, ಕೂತ್ಕೊಳ್ಳಿ ಎಂದಳು. ಕೂತ ಮೇಲೆ ಇರುವೆ ಆ ಹುಡುಗಿಯ ಕಿವಿಯಲ್ಲಿ ಏನೋ ಹೇಳಿ ನಕ್ಕಿತು. ಮನೆಯಲ್ಲಿ ಆ ನಗು ಕಂಡು ಎಷ್ಟೋ ದಿನವಾಗಿತ್ತು.

ಸಂತೋಷ ಆಗಬೇಕಿತ್ತು, ಆಯಿತು. ಅದರ ಬೆನ್ನಿಗೇ ಇವಳಿಗೆ ಪರಿಚಯದ ಆ ಉರಿಯೂ ಬಂತು. ಈ ಸಲ ಅದು ಯಾರ ಮೇಲೆ ಎಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಆ ಕಿವಿಯಲ್ಲಿ ಹೇಳಿದ ಮಾತು ಏನಿರಬಹುದು ಎಂದು ಅಂಗಡಿಯವರೆಗೂ ಯೋಚಿಸುತ್ತಾ ಬಂದಳು.

ಸಂಜೆ ಓರಗಿತ್ತಿ ಚಪ್ಪಲಿ ಬಿಡುವ ಮೊದಲೇ ಏನಾಯಿತು ಎಂದು ಕೇಳಿದಳು. ಇರುವೆ ತಾನೇ ಹಾಜರಿ ಹೇಳಿದಳು, ಇನ್ನು ಕೆಳಗಿನ ತರಗತಿಯ ಮಾತಿಲ್ಲ ಎಂದಳು ಇವಳು. ಏನಂತ ಹೇಳಿದಳು ಎಂದು ಅವಳು ಮತ್ತೆ ಕೇಳಿದಾಗ, ಎಲ್ಲರೂ ಹೇಳೋದನ್ನೇ ಎಂದು ಮುಖ ತಿರುಗಿಸಿದಳು. ಆ ಮಾತು ಗಿಳಿಯದು ಎಂದು ಓರಗಿತ್ತಿಯ ಮುಂದೆ ಒಪ್ಪಿಕೊಳ್ಳಲು ಅವಳಿಂದ ಆಗಲಿಲ್ಲ. ಅಷ್ಟು ದೊಡ್ಡ ಮನಸ್ಸು ಒಂದೇ ದಿನದಲ್ಲಿ ಬರುವಂಥದ್ದೂ ಅಲ್ಲ.

ಗಿಳಿ ಶಾಲೆಯ ಲಂಗದಲ್ಲೇ ಗಲ್ಲಿ ಕಡೆಯ ಕೋಣೆಗೆ ಬಂದಳು. ಇರುವೆ ಮಂಚದ ಮೇಲೆ ಚೀಲಕ್ಕೆ ತಲೆಕೊಟ್ಟು ನಿದ್ದೆ ಹೋಗಿತ್ತು. ನಾಳೆಯಿಂದ ನಿನ್ನದಷ್ಟೇ ಹೇಳು, ಅವಳದನ್ನ ಅವಳು ಹೇಳ್ಕೊಳ್ತಾಳೆ, ನಿನ್ನನ್ನ ಯಾರೂ ಆಚೆ ನಿಲ್ಲಿಸಲ್ಲ ಎಂದಳು ಚಿಕ್ಕಮ್ಮ. ಈ ಮಾತು ಹೇಳುವಾಗ ತನಗೆ ಗೆದ್ದಂತೆ ಅನಿಸಬಹುದು ಎಂದುಕೊಂಡಿದ್ದಳು. ಗಿಳಿ ತಲೆಯಾಡಿಸಿದಳು, ಆದರೆ ಹೋಗಲಿಲ್ಲ. ಬಾಗಿಲ ಚಿಲಕವನ್ನು ಹಾಕುತ್ತಾ ತೆಗೆಯುತ್ತಾ ನಿಂತಳು.

"ಚಿಕ್ಕಮ್ಮ, ಅಲ್ಲಿ ಅವಳ ಪಕ್ಕ ಯಾರು ಕೂರ್ತಾರೆ?"

ಮಗುವಿನ ಮುಖ ನೋಡಿದಳು. ಬಿಗಿದ ತುಟಿ, ಬೇರೆ ಎಲ್ಲೋ ನೋಡುತ್ತಿರುವಂತೆ ನಟಿಸುವ ಕಣ್ಣು. ಆ ಮುಖವನ್ನು ಅವಳು ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡಿದವಳು. ಅದು ಎಲ್ಲಿ ಸುಡುತ್ತದೆ, ಎಷ್ಟು ಹೊತ್ತು ಸುಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಯಾರೋ ಒಬ್ಬಳು," ಎಂದಳು. "ಅವಳಿಗೆ ಮಾತೇ ಬರಲ್ಲ."

"ಒಂಚೂರೂ ಇಲ್ವಾ?"

"ಒಂಚೂರೂ ಇಲ್ಲ. ನೀನು ಒಂದಿನ ಹೋಗಿ ಕಲಿಸಬೇಕು."

ಗಿಳಿ ಚಿಲಕ ಬಿಟ್ಟಳು. ಪಾಪ ಎಂದಳು, ದೊಡ್ಡವರ ಹಾಗೆ. ಆಮೇಲೆ ಮಂಚ ಹತ್ತಿ, ಮಲಗಿದ್ದ ಇರುವೆಯನ್ನು ಸ್ವಲ್ಪ ಗೋಡೆಗೆ ಸರಿಸಿ, ಪಕ್ಕದಲ್ಲಿ ಜಾಗ ಮಾಡಿಕೊಂಡಳು.